ಒಂಬತ್ತು ಬಿಳಿ ಶನಿವಾರಗಳು

ನಾನು ವೃತ್ತಿಯಿಂದ ನಿವೃತ್ತಳಾದಾಗ ನನಗೆ ಇಪ್ಪತ್ತೇಳು ವರ್ಷ. ಶಾಲು ಹೊದಿಸಲಿಲ್ಲ, ಫಲತಾಂಬೂಲ ಕೊಡಲಿಲ್ಲ, "ಇವರ ಸೇವೆ ಅನನ್ಯ" ಎಂದು ಯಾರೂ ಚೀಟಿ ನೋಡಿಕೊಂಡು ಓದಲಿಲ್ಲ. ಎರಡು ವರ್ಷ ಏಳು ತಿಂಗಳ ಸೇವೆಗೆ ಅಷ್ಟೆಲ್ಲ ಯಾಕೆ ಎಂದು ನೀವು ಕೇಳಬಹುದು. ಮೂವತ್ತೈದು ವರ್ಷ ಒಂದೇ ಕುರ್ಚಿ ಸವೆಸಿದವರು ಅನುಭವ ಕಥನ ಬರೆಯಬಹುದಾದರೆ, ಒಂದೇ ಗೇಟಿನ ಮುಂದೆ ಎರಡೂವರೆ ವರ್ಷ ನಿಂತವಳು ಯಾಕೆ ಬರೆಯಬಾರದು? ಅವರಾದರೂ ಕೂತಿದ್ದರು.

ನನ್ನ ಕೆಲಸ ಹಳೇಬೀಡಿನ ಹೊರಗಿನ ಒಂದು ಖಾಸಗಿ ಪ್ರೌಢಶಾಲೆಯಲ್ಲಿ. ಹೆಸರು ಹೇಳುವುದಿಲ್ಲ. ಅರಸೀಕೆರೆಯಲ್ಲಿ ಬೆಳಗಿನ ಮೊದಲ ಬಸ್ಸು ಹತ್ತಿ, ಜಾವಗಲ್‌ನಲ್ಲಿ ಡ್ರೈವರ್ ಕಾಫಿ ಕುಡಿಯುವವರೆಗೆ ಕಾದು, ಎಂಟರೊಳಗೆ ಶಾಲೆ ಮುಟ್ಟುತ್ತಿದ್ದೆ. ಜಾಹೀರಾತಿನಲ್ಲಿ ಹಾಕಿದ್ದ ಹುದ್ದೆ ಗಣಿತ ಶಿಕ್ಷಕಿಯದು. ಸಂದರ್ಶನದಲ್ಲಿ ಹೆಡ್ಮಾಸ್ಟರ್ ಶಿವನಂಜಪ್ಪನವರು ನನ್ನ ಅಂಕಪಟ್ಟಿಗಳನ್ನು ಮಗುಚಿ ನೋಡಿ ಪಕ್ಕಕ್ಕಿಟ್ಟರು. ಅವರ ಕಣ್ಣು ನಿಂತದ್ದು ಕೊನೆಯ ಹಾಳೆಯ ಮೇಲೆ.

"ಚರ್ಚಾ ಸ್ಪರ್ಧೇಲಿ ಆರು ಸಲ ಫಸ್ಟಾ?"

"ಏಳು ಸರ್. ಒಂದರ ಸರ್ಟಿಫಿಕೇಟ್ ಕಳೆದುಹೋಗಿದೆ."

"ಪರಾನಾ, ವಿರೋಧಾನಾ?"

"ಚೀಟಿ ಯಾವುದು ಬಂದರೆ ಅದು ಸರ್."

"ಅಂದ್ರೆ ಯಾವ ಕಡೆಯಾದ್ರೂ ನಿಮಗೆ ಒಂದೇ."

"ಹೌದು ಸರ್" ಎಂದೆ, ಹೆಮ್ಮೆಯಿಂದ.

"ಸೋಮವಾರದಿಂದ ಬನ್ನಿ."

ಗಣಿತದ ಬಗ್ಗೆ ಒಂದು ಪ್ರಶ್ನೆಯೂ ಬರಲಿಲ್ಲ. ಯಾಕೆಂದು ಸೋಮವಾರ ಗೊತ್ತಾಯಿತು. ನನ್ನನ್ನು ಸಮವಸ್ತ್ರ ಮತ್ತು ಶಿಸ್ತು ಸಮಿತಿಯ ಸಂಚಾಲಕಿ ಮಾಡಲಾಗಿತ್ತು. ಸಮಿತಿಯ ಉಳಿದ ಸದಸ್ಯರು ಯಾರೆಂದು ಕೇಳಿದೆ. "ನೀವೇ ಶುರು ಮಾಡಿ, ಆಮೇಲೆ ನೋಡೋಣ" ಎಂದರು. ಎರಡು ವರ್ಷ ಏಳು ತಿಂಗಳಲ್ಲಿ ಆ 'ಆಮೇಲೆ' ಬರಲಿಲ್ಲ. ಗೇಟಿಗೆ ಜಗಳಕ್ಕೆ ಬರುವ ತಂದೆ ತಾಯಿಗಳಿಗೆ ಮಾತಿನಲ್ಲಿ ತಿರುಗೇಟು ಕೊಡಲು ಒಬ್ಬರು ಬೇಕಿತ್ತು, ಅಷ್ಟೇ.

ಈ ವೃತ್ತಿಗೆ ಬರುವ ಕಿರಿಯರು ಮೊದಲು ತಿಳಿಯಬೇಕಾದದ್ದು ಅಳತೆಯ ವಿಧಾನ. ನನಗೆ ಅದನ್ನು ಕಲಿಸಿದವರು ಪಿ.ಟಿ. ಮೇಷ್ಟ್ರು ಲೋಕೇಶಪ್ಪ. ಅವರ ಜೇಬಿನಲ್ಲಿ ಸದಾ ಒಂದು ಸ್ಟೀಲಿನ ಕಾಫಿ ಲೋಟ ಇರುತ್ತಿತ್ತು. ಹುಡುಗರ ಪ್ಯಾಂಟಿನ ಬಾಯೊಳಗೆ, ಕಾಲಿನ ಪಕ್ಕದಲ್ಲಿ, ಆ ಲೋಟ ಸಲೀಸಾಗಿ ತೂರಿದರೆ ಪ್ಯಾಂಟು ಪಾಸು. ತೂರದಿದ್ದರೆ ಅದು ಬಿಗಿ ಪ್ಯಾಂಟು, ಸಂಸ್ಕೃತಿಗೆ ವಿರುದ್ಧ. ಮೊದಲ ವಾರದಲ್ಲೇ ನಾನು ಒಂದು ಸಂಗತಿ ಗಮನಿಸಿದೆ. ಕಡ್ಡಿ ಕಾಲಿನ ಹುಡುಗ ಎಷ್ಟೇ ಬಿಗಿ ಹೊಲಿಸಿದರೂ ಪಾಸಾಗುತ್ತಿದ್ದ. ದಪ್ಪ ಕಾಲಿನವನು ಅಪ್ಪನ ಪ್ಯಾಂಟು ಹಾಕಿಕೊಂಡು ಬಂದರೂ ಫೇಲು.

"ಸರ್, ನಿಮ್ಮ ಲೋಟ ಅಳೀತಿರೋದು ಪ್ಯಾಂಟನ್ನಲ್ಲ, ಕಾಲನ್ನ" ಎಂದೆ.

ಲೋಕೇಶಪ್ಪ ಲೋಟವನ್ನು ಒಮ್ಮೆ ನೋಡಿದರು. "ಇರ್ಬೋದು ಮೇಡಂ. ಆದ್ರೆ ಇಪ್ಪತ್ತು ವರ್ಷದಿಂದ ಒಬ್ಬರೂ ಕೇಳಿಲ್ಲ. ಅಂದ್ಮೇಲೆ ಸರಿಯಾಗೇ ಇರ್ಬೇಕು."

ವಾದದಲ್ಲಿ ಇದಕ್ಕೆ ಪರಂಪರೆಯ ಪ್ರಮಾಣ ಎನ್ನುತ್ತೇವೆ. ಸ್ಪರ್ಧೆಯಲ್ಲಾದರೆ ಅಂಕ ಕಳೆಯುತ್ತಾರೆ. ಶಾಲೆಯಲ್ಲಿ ಅದಕ್ಕೆ ಸೇವಾ ಹಿರಿತನ ಎಂದು ಹೆಸರು.

ನನ್ನ ಮೊದಲ ಪ್ರಮಾದ ಕೂದಲಿನದು. ಒಂದು ಬೆಳಿಗ್ಗೆ ಒಂಬತ್ತನೇ ತರಗತಿಯ ಆರು ಹುಡುಗರ ತಲೆ ನೋಡಿ ನನಗೆ ರೇಗಿತು. ಎರಡು ಪಕ್ಕ ಬೋಳು, ನೆತ್ತಿಯ ಮೇಲೆ ರಾಗಿ ತೆನೆಯ ಹಾಗೆ ಗುಪ್ಪೆ. "ಈಗಲೇ ಹೋಗಿ ಸಮಕ್ಕೆ ಕಟಿಂಗ್ ಮಾಡಿಸಿಕೊಂಡು ಬನ್ನಿ. ಅಲ್ಲೀವರೆಗೂ ಒಳಗೆ ಬರಕೂಡದು" ಎಂದೆ. ಅಷ್ಟು ವಿಧೇಯ ಹುಡುಗರನ್ನು ನಾನು ಅದುವರೆಗೆ ಕಂಡಿರಲಿಲ್ಲ. ಬಾಯಿ ಬಿಡದೆ ಬ್ಯಾಗು ಎತ್ತಿಕೊಂಡು ಹೊರಟರು. ಸಂಜೆವರೆಗೂ ಬರಲಿಲ್ಲ. ಮರುದಿನ ಅದೇ ಗುಪ್ಪೆ ಹೊತ್ತು ಬಂದು ಸಾಲಾಗಿ ನಿಂತರು.

"ಎಲ್ಲಿಗ್ ಹೋಗಿದ್ರೋ?"

"ಹುಲಿಕೆರೆಗೆ ಮಿಸ್. ಕೊಳದ ಮೆಟ್ಲ ಮ್ಯಾಲ್ ಕುಂತಿದ್ವಿ."

"ಕಟಿಂಗ್‌ಗೆ ಕಳಿಸಿದ್ರೆ ಕೊಳಕ್ಕೆ ಹೋಗ್ತೀರಾ?"

ಅವರಲ್ಲಿ ಒಬ್ಬ ನನ್ನ ಮೇಲೆ ಕನಿಕರದಿಂದ ಹೇಳಿದ: "ನೆನ್ನೆ ಮಂಗಳವಾರ ಅಲ್ವಾ ಮಿಸ್. ಮಂಗಳವಾರ ಕಟಿಂಗ್ ಶಾಪ್ ಎಲ್ಲ್ ತಗ್ದಿರ್ತವೆ? ಒಳಗೂ ಬರ್ಬ್ಯಾಡಿ ಅಂದ್ರಿ, ಕಟಿಂಗೂ ಸಿಗಲ್ಲ. ಏನ್ ಮಾಡಾದು?"

ಈ ಸೀಮೆಯಲ್ಲೇ ಹುಟ್ಟಿ ಬೆಳೆದವಳಿಗೆ ಮಂಗಳವಾರ ಕ್ಷೌರದಂಗಡಿ ಮುಚ್ಚಿರುತ್ತದೆ ಎಂಬುದು ಹೊಳೆಯಲಿಲ್ಲ. ನಿಯಮ ಕೈಗೆ ಬಂದ ಕೂಡಲೇ ವಾರದ ದಿನಗಳು ಮರೆತುಹೋಗುತ್ತವೆ. ಈ ಪ್ರಕರಣದಿಂದ ನಾನು ಪಾಠ ಕಲಿತೆನೇ? ಕಲಿತೆ. ಅಂದಿನಿಂದ ಒಂದು ಗೇಟ್ ರಿಜಿಸ್ಟರ್ ಇಟ್ಟೆ. ಹೆಸರು, ತರಗತಿ, ಬಂದ ಸಮಯ, ಕಾರಣ, ವಾಪಸ್ ಕಳಿಸಿದ ಸಮಯ, ವಿದ್ಯಾರ್ಥಿಯ ರುಜು, ನನ್ನ ರುಜು. ವಾರಕ್ಕೊಮ್ಮೆ ಹೆಡ್ಮಾಸ್ಟರ ರುಜು. ದಡ್ಡತನವನ್ನು ಬಿಡಲಿಲ್ಲ, ಅದಕ್ಕೆ ಗೆರೆ ಹಾಕಿ ಕಾಲಂ ಮಾಡಿದೆ. ಎಲ್ಲರೂ ಮೆಚ್ಚಿದರು.

ಲೋಕೇಶಪ್ಪ ಮಾತ್ರ ಮೆಚ್ಚಲಿಲ್ಲ. "ಬರೀಬಾರ್ದು ಮೇಡಂ. ಲೋಟದಲ್ಲಿ ಅಳೀರಿ, ಬೈಯಿರಿ, ಬಿಡಿ. ಶಿಸ್ತು ಅನ್ನೋದು ಬಾಯಲ್ಲೇ ಇರ್ಬೇಕು."

ಮೂರನೇ ವರ್ಷ ಬಿಳಿ ಬಂತು. ಅಲ್ಲಿಯವರೆಗೆ ವಾರವಿಡೀ ನೀಲಿ ಚೆಕ್ಸು. ಆಡಳಿತ ಮಂಡಳಿಯ ಅಧ್ಯಕ್ಷರು ಯಾವುದೋ ಮದುವೆಗೆ ಹಾಸನಕ್ಕೆ ಹೋದಾಗ ಅಲ್ಲಿನ ಒಂದು ಶಾಲೆಯ ಮಕ್ಕಳು ಶನಿವಾರ ಬಿಳಿ ಬಟ್ಟೆಯಲ್ಲಿ ಡ್ರಿಲ್ ಮಾಡುವುದನ್ನು ಕಂಡಿದ್ದರು. "ಹಂಸಗಳು ಕಣ್ರೀ, ಹಂಸಗಳು" ಎಂದು ಸಭೆಯಲ್ಲಿ ಹೇಳಿದರು. ಅಧ್ಯಕ್ಷರದು ಕೊಬ್ಬರಿ ವ್ಯಾಪಾರ. ಸಭೆಯಲ್ಲಿದ್ದ ಏಳು ಮಂದಿಗೂ ತೆಂಗಿನ ತೋಟ. ಎಳನೀರಿನ ಸಿಪ್ಪೆಯ ರಸ ಬಟ್ಟೆಗೆ ಬಿದ್ದರೆ ಕಂದು ಕರೆಯಾಗುತ್ತದೆ, ಬಟ್ಟೆ ಹರಿದು ಚಿಂದಿಯಾದರೂ ಆ ಕರೆ ಹೋಗುವುದಿಲ್ಲ ಎಂಬುದು ಈ ಸೀಮೆಯಲ್ಲಿ ತೊಟ್ಟಿಲ ಕೂಸಿಗೂ ಗೊತ್ತು. ಅದಕ್ಕೇ ಆ ಏಳು ಮಂದಿಯ ಮನೆಯಲ್ಲೂ ತೋಟಕ್ಕೆಂದೇ ಬೇರೆ ಬಟ್ಟೆ ಗೂಟದಲ್ಲಿ ತೂಗುತ್ತಿರುತ್ತದೆ. ಆ ಏಳು ಮಂದಿ ಸೇರಿ ತೆಂಗು ಸುಲಿಯುವ ಮನೆಗಳ ಮಕ್ಕಳಿಗೆ ಬಿಳಿಯನ್ನು ಒಪ್ಪಿದರು.

ಒಬ್ಬರು ಮೆಲ್ಲಗೆ "ಕರೆ ಆಗಲ್ವಾ?" ಎಂದರು. ಹೆಡ್ಮಾಸ್ಟರು ಸಂಚಾಲಕಿಯಾಗಿ ಹಾಜರಿದ್ದ ನನ್ನತ್ತ ನೋಡಿದರು. ಚೀಟಿ ಬಂತು: ಪರ. ನಾನು ಎದ್ದು ನಿಂತೆ. ಬಿಳಿ ಜವಾಬ್ದಾರಿಯನ್ನು ಕಲಿಸುತ್ತದೆ. ಕಲೆ ಬೀಳದಂತೆ ಬದುಕುವುದೇ ಶಿಕ್ಷಣ. ಬಡವ ಶ್ರೀಮಂತ ಎಂಬ ಗೆರೆಯನ್ನು ಬಿಳಿ ಅಳಿಸುತ್ತದೆ. ಮೂರು ಅಂಶ, ನಾಲ್ಕು ನಿಮಿಷ. ಚಪ್ಪಾಳೆ ತಟ್ಟಿದರು. ಆ ಭಾಷಣ ಈಗಲೂ ನನಗೆ ಬಾಯಿಪಾಠ ಇದೆ. ಮರೆಯಲು ಮಾಡಿದ ಪ್ರಯತ್ನ ಫಲಿಸಿಲ್ಲ.

ಬಿಳಿ ಎಂದರೆ ಯಾವುದೋ ಬಿಳಿಯಲ್ಲ. ಜೇಬಿನ ಮೇಲೆ ಶಾಲೆಯ ಲಾಂಛನ ನೆಯ್ದ ಬಟ್ಟೆ. ಜೂನ್‌ನಲ್ಲಿ ಒಂದೇ ಸಲ ಬಂತು, ಒಬ್ಬರಿಗೆ ಒಂದು ಜೊತೆ, ಜುಲೈಗೆ ಮುಗಿಯಿತು.

ಸಿಂಚನ ಹತ್ತನೇ ತರಗತಿಯ ಹುಡುಗಿ. ಅವಳ ತಾಯಿ ಜಯಮ್ಮ ಹಳೇಬೀಡಿನ ದೇವಸ್ಥಾನದ ರಸ್ತೆಯಲ್ಲಿ ಎಳನೀರು ಮಾರುತ್ತಾರೆ. ಗಣೇಶನ ಹಬ್ಬದ ಹೊತ್ತಿಗೆ ಸಿಂಚನಳಿಗೆ ಕಾಮಾಲೆಯಾಯಿತು. ದೀಪಾವಳಿ ಕಳೆದ ಮೇಲೆ ಶಾಲೆಗೆ ಮರಳಿದಳು. ಅವತ್ತು ಸ್ಟಾಫ್ ರೂಮಿನಲ್ಲಿ, ನನ್ನ ಎದುರಿಗೇ, ಹೆಡ್ಮಾಸ್ಟರು ಜಯಮ್ಮನಿಗೆ ಹೇಳಿದರು: "ನೋಡಮ್ಮ, ಮುಕ್ಕಾಲು ಪಾಲು ಹಾಜರಿ ಇಲ್ಲದಿದ್ರೆ ಪರೀಕ್ಷೆಗೆ ಕೂರ್ಸಕ್ಕಾಗಲ್ಲ. ನಿನ್ ಮಗ್ಳು ಅಂಚಿನಲ್ಲಿದ್ದಾಳೆ. ಇನ್ಮೇಲೆ ತಪ್ಪಿಸ್ಬಾರ್ದು."

"ತಪ್ಸಲ್ಲ ಸಾ. ಕಾಲ್ ಮುರುದ್ರೂ ಹೊತ್ಕ ಬತ್ತೀನಿ" ಎಂದರು ಜಯಮ್ಮ.

ಮೊದಲ ಶನಿವಾರವೇ ಸಿಂಚನಳ ಬಿಳಿ ಅಂಗಿಯ ಎದೆಯಿಂದ ಸೊಂಟದವರೆಗೆ ಕಂದು ಕರೆ ಇಳಿದಿತ್ತು. ಬೆಳಿಗ್ಗೆ ಅಂಗಡಿಯಲ್ಲಿ ಅಮ್ಮನಿಗೆ ಗೊನೆ ಇಳಿಸಿಕೊಟ್ಟು ಹಾಗೇ ಬಂದಿದ್ದಳು. "ಬದಲಾಯಿಸಿಕೊಂಡು ಬಾ" ಎಂದು ರಿಜಿಸ್ಟರಿನಲ್ಲಿ ರುಜು ಹಾಕಿಸಿಕೊಂಡು ಕಳಿಸಿದೆ. ಅರ್ಧ ಗಂಟೆಯಲ್ಲಿ ಓಡಿ ಬಂದಳು, ನೀಲಿ ಚೆಕ್ಸಿನಲ್ಲಿ.

"ಶನಿವಾರ ಚೆಕ್ಸ್ ನಡೆಯಲ್ಲ ಸಿಂಚನ."

"ಬಿಳೀದ್ರಲ್ಲಿ ಕರೆ ಐತೆ ಮಿಸ್."

"ಕರೆಯೂ ನಡೆಯಲ್ಲ."

"ಹಂಗಾರೆ ಏನ್ ನಡೀತೈತೆ ಮಿಸ್?"

ಪ್ರಶ್ನೆ ಚೆನ್ನಾಗಿತ್ತು. ಆದರೆ ಪ್ರಾರ್ಥನೆಯ ಗಂಟೆ ಹೊಡೆದಿತ್ತು. ನಾನು ಒಳಗೆ ಹೋಗಿ ಅವಳ ತರಗತಿಗೇ ಗಣಿತ ಪಾಠ ಮಾಡಿದೆ. ಶನಿವಾರದ ಮೊದಲ ಎರಡು ಪೀರಿಯಡ್ಡು ನನ್ನದೇ.

ಕರೆ ಬಿದ್ದದ್ದು ಒಂದೇ ಸಲ. ಆದರೆ ಅದು ಹೋಗುವ ಜಾತಿಯಲ್ಲವಾದ್ದರಿಂದ ಪ್ರತಿ ಶನಿವಾರವೂ ಅವಳು ಬರುವುದು, ನಾನು ಬರೆಯುವುದು, ಅವಳು ರುಜು ಹಾಕಿ ಹೋಗುವುದು. ಒಂದು ದಿನವೂ ತಡವಾಗಿ ಬರಲಿಲ್ಲ. ಎಂಟಕ್ಕೆ ಐದು ನಿಮಿಷ ಮುಂಚೆ ವಾಪಸ್ ಕಳಿಸಲು ಅನುಕೂಲವಾಗುವಂತೆ ಹಾಜರಿರುತ್ತಿದ್ದಳು. ನಾಲ್ಕನೆಯ ಶನಿವಾರ ಅವಳ ಜೊತೆ ಜಯಮ್ಮ ಬಂದರು. ಸೊಂಟಕ್ಕೆ ಸಿಕ್ಕಿಸಿದ ಸೆರಗು, ಕೈ ಇನ್ನೂ ಒದ್ದೆ.

"ಯಾಕ್ ಮೇಡಂ ವಾಪಸ್ ಕಳಸ್ತೀರಾ?"

"ಸಮವಸ್ತ್ರ ಸರಿ ಇಲ್ಲ ಅಮ್ಮ."

"ಐತಲ್ಲ, ಮೈ ಮ್ಯಾಲೇ ಐತಲ್ಲ. ಕರೆ ಅದು. ನಿಂಬೆಹಣ್ ಉಜ್ಜಿದ್ದೀನಿ, ಸೋಡ ಹಾಕಿದ್ದೀನಿ, ಬಂಡೆ ಮ್ಯಾಲ್ ಬಡ್ದಿದ್ದೀನಿ. ನಿಮ್ ತೋಟ್ದಾಗೂ ಆಯ್ತದೆ, ನಿಮ್ ಅಧ್ಯಕ್ಷರ್ ಪಂಚೇಲೂ ಐತೆ."

"ಅದು ಬೇರೆ. ನಿಯಮ ಒಬ್ಬರಿಗೆ ಸಡಿಲ ಮಾಡಿದರೆ ಎಲ್ಲರಿಗೂ ಮಾಡಬೇಕಾಗುತ್ತೆ. ನಿಮ್ಮ ಮಗಳು ಬೇರೆಯವರ ನಡುವೆ ಎದ್ದು ಕಾಣಬಾರದು ಅಂತಲೇ ಸಮವಸ್ತ್ರ ಇರೋದು."

"ಈಗ ಎದ್ ಕಾಣ್ತಾವ್ಳಲ್ಲ ಮೇಡಂ. ಎಲ್ಲಾ ಒಳಗವ್ರೆ, ಇವ್ಳೊಬ್ಳು ಗೇಟ್ ಆಚೆ."

ಇಲ್ಲಿ ಯಾವ ತೀರ್ಪುಗಾರನಾದರೂ ಜಯಮ್ಮನಿಗೆ ಪೂರ್ಣಾಂಕ ಕೊಡುತ್ತಿದ್ದ. ಆದರೆ ನಾನು ತರಬೇತಾದವಳು. "ಅದು ನಿಯಮದ ದೋಷವಲ್ಲಮ್ಮ, ಪಾಲಿಸದೆ ಇದ್ದುದರ ಫಲ. ಮಳೆ ಬಂತು ಅಂತ ಛತ್ರೀನ ಬೈಯಕ್ಕಾಗುತ್ತಾ?" ಎಂದೆ. ಹೋಲಿಕೆಗೆ ಅರ್ಥವಿರಲಿಲ್ಲ, ಅರ್ಥವಿಲ್ಲದ ಹೋಲಿಕೆಗೆ ಉತ್ತರ ಕೊಡುವುದು ಕಷ್ಟ ಎಂಬುದೇ ಅದರ ಬಲ. ಜಯಮ್ಮ ಮಗಳ ಬ್ಯಾಗನ್ನು ತಮ್ಮ ಹೆಗಲಿಗೆ ಹಾಕಿಕೊಂಡು ಹೊರಟರು. ಕಿಟಕಿಯಿಂದ ನೋಡುತ್ತಿದ್ದ ಹೆಡ್ಮಾಸ್ಟರು ನನಗೆ ಕಾಫಿ ಕಳಿಸಿದರು.

ಜನವರಿ ಮುಗಿಯುವಾಗ ಹಾಜರಿ ಕೊರತೆಯವರ ಪಟ್ಟಿ ಸಿದ್ಧವಾಯಿತು. ಅದರಲ್ಲಿ ಒಂದೇ ಹೆಸರು. ನಾನು ಗೇಟ್ ರಿಜಿಸ್ಟರ್ ತೆಗೆದು ಎಣಿಸಿದೆ. ಒಂಬತ್ತು ಶನಿವಾರ. ಸಿಂಚನಳಿಗೆ ಕಡಿಮೆ ಬಿದ್ದದ್ದು ಏಳು ದಿನ. ಕಾಮಾಲೆ ಅವಳನ್ನು ಅಂಚಿಗೆ ತಂದಿತ್ತು, ತಳ್ಳಿದ್ದು ನಾನು. ಪ್ರತಿ ತಳ್ಳುವಿಕೆಗೂ ಕಾಲಂ ಇತ್ತು, ಸಮಯ ಇತ್ತು, ನನ್ನ ಮುದ್ದಾದ ರುಜು ಇತ್ತು.

ರಿಜಿಸ್ಟರ್ ಹಿಡಿದು ಹೆಡ್ಮಾಸ್ಟರ ಕೋಣೆಗೆ ಹೋದೆ.

"ಸರ್, ಈ ಒಂಬತ್ತು ದಿನ ಸಿಂಚನ ಶಾಲೆಗೆ ಬಂದಿದ್ದಳು."

"ಹಾಜರಿ ಪುಸ್ತಕದಲ್ಲಿ ಆಬ್ಸೆಂಟ್ ಇದೆಯಲ್ರೀ."

"ಬರದೇ ಇದ್ದವಳನ್ನ ವಾಪಸ್ ಕಳಿಸೋದು ಹೇಗೆ ಸರ್?"

"ಏನ್ರೀ ಹಂಗಂದ್ರೆ?"

"ಏಳು ಐವತ್ತೈದಕ್ಕೆ ಬಂದಳು ಅಂತ ಇಲ್ಲಿ ಬರೆದಿದೆ. ಬರಲೇ ಇಲ್ಲ ಅಂತ ಅಲ್ಲಿ ಬರೆದಿದೆ. ಎರಡರಲ್ಲಿ ಒಂದು ಸುಳ್ಳು. ಎರಡರ ಕೆಳಗೂ ನಿಮ್ಮ ರುಜು ಇದೆ. ಯಾವುದು ಸುಳ್ಳು ಅಂತ ನೀವೇ ಹೇಳಿ, ನಾನು ಒಪ್ಪಿಕೊಳ್ತೀನಿ."

ಶಿವನಂಜಪ್ಪನವರು ಫ್ಯಾನನ್ನು ನೋಡಿದರು. ಅದು ತಿರುಗುತ್ತಿರಲಿಲ್ಲ. "ನಿಮ್ಮನ್ನ ಕೆಲಸಕ್ಕೆ ತಗೊಂಡಿದ್ದು ಪೇರೆಂಟ್ಸ್ ಜೊತೆ ಮಾತಾಡಕ್ಕೆ ಕಣ್ರೀ, ನನ್ ಜೊತೆ ಅಲ್ಲ" ಎಂದರು. ಆಮೇಲೆ ಅಧ್ಯಕ್ಷರಿಗೆ ಫೋನು ಮಾಡಿದರು. ಅಧ್ಯಕ್ಷರ ಧ್ವನಿ ಕೊಬ್ಬರಿ ಮಂಡಿಯಲ್ಲಿ ಕೂಗಿ ರೂಢಿಯಾದದ್ದು. ಫೋನಿನ ಈಚೆಗೂ ಸ್ಪಷ್ಟವಾಗಿ ಕೇಳಿತು.

"ಚುರುಕವ್ಳೆ ಕಣಪ್ಪ ಆಯಮ್ಮ. ಸರಿ, ಹುಡ್ಗಿ ಬಂದಿದ್ಲು ಅಂತ್ಲೇ ಇಟ್ಕೊ. ಹಂಗಾರೆ ವಾಪಸ್ ಕಳ್ಸಿದ್ಯಾರು? ನೀನ್ ಕಳ್ಸಿದ್ಯಾ? ನಾನ್ ಕಳ್ಸಿದ್ನಾ? ಆಯಮ್ಮ ಕಳ್ಸೈತೆ. ಅದ್ನ ಬರ್ಕೊಡಕ್ಕೇಳು. ಹಾಜರಿ ಹಾಕ್ಸನ."

ಆಗ ನಾನು ಒಂದು ಕೆಲಸ ಮಾಡಿದೆ. ಅದನ್ನು ಮೊದಲ ದಿನವೇ ಮಾಡಬೇಕಿತ್ತು. ಸಮವಸ್ತ್ರ ಸರಿಯಿಲ್ಲದವರನ್ನು ಮನೆಗೆ ಕಳಿಸಬೇಕೆಂಬ ಆದೇಶ ಎಲ್ಲಿದೆ ಎಂದು ಹುಡುಕಿದೆ. ಸಭೆಯ ನಡಾವಳಿಯಲ್ಲಿ ಬಿಳಿಯ ಬಗ್ಗೆ ಇತ್ತು, ಹಂಸದ ಬಗ್ಗೆಯೂ ಇತ್ತು. ನನ್ನ ಭಾಷಣಕ್ಕೆ ಅಭಿನಂದನೆ ಇತ್ತು. ವಾಪಸ್ ಕಳಿಸಿ ಎಂದು ಎಲ್ಲಿಯೂ ಇರಲಿಲ್ಲ. ಅದೆಲ್ಲ ವರಾಂಡದಲ್ಲಿ ನಡೆಯುತ್ತಾ ಬಾಯಲ್ಲಿ ಹೇಳಿದ್ದು. ಎರಡೂವರೆ ವರ್ಷ ನಾನು ಇಲ್ಲದ ನಿಯಮವನ್ನು ಸಮರ್ಥಿಸಿದ್ದೆ, ಅದೂ ಅದ್ಭುತವಾಗಿ.

ಬಾಗಿಲ ಬಳಿ ಲೋಕೇಶಪ್ಪ ನಿಂತಿದ್ದರು. "ನಾನ್ ಹೇಳಿರ್ಲಿಲ್ವಾ ಮೇಡಂ" ಎಂದರು. ಅವರ ಮುಖದಲ್ಲಿ ಗೆದ್ದ ಕಳೆಯಿರಲಿಲ್ಲ. "ಬರ್ಕೊಟ್ರೆ ನಿಮ್ ಕೆಲ್ಸ ಹೋಯ್ತದೆ."

"ಬರೆದುಕೊಡದಿದ್ದರೆ ಅವಳ ವರ್ಷ ಹೋಗುತ್ತೆ ಸರ್."

"ಅದೂ ಸರಿ" ಎಂದು ತಮ್ಮ ಜೇಬಿನ ಪೆನ್ನು ಕೊಟ್ಟರು.

ಬರೆದೆ. "ಸದರಿ ವಿದ್ಯಾರ್ಥಿನಿಯು ಒಂಬತ್ತು ಶನಿವಾರಗಳಂದು ಸಕಾಲಕ್ಕೆ ಶಾಲೆಗೆ ಹಾಜರಾಗಿದ್ದು, ಯಾವುದೇ ಲಿಖಿತ ಆದೇಶವಿಲ್ಲದೆ ನಾನೇ ಆಕೆಯನ್ನು ಗೇಟಿನಿಂದ ವಾಪಸ್ ಕಳಿಸಿರುತ್ತೇನೆ." ಜೀವನದಲ್ಲಿ ನಾನು ಬರೆದ ಅತ್ಯಂತ ನಿಖರವಾದ ವಾಕ್ಯ ಅದು. ಹೆಡ್ಮಾಸ್ಟರು ಓದಿ, "ಸುಂದರವಾಗಿದೆ" ಎಂದರು. ಅದೇ ವಾರ ಸಿಂಚನಳ ಹಾಜರಿ ಸರಿಯಾಯಿತು. ಅದೇ ವಾರ ನನ್ನ ಸೇವೆಯ ಅಗತ್ಯವಿಲ್ಲ ಎಂಬ ಪತ್ರವೂ ಬಂತು. ಶಾಲೆ ನನಗೆ ಲಿಖಿತವಾಗಿ ಕೊಟ್ಟ ಏಕೈಕ ಆದೇಶ.

ಪ್ರವೇಶ ಪತ್ರ ಅವಳ ಕೈ ಸೇರಿತೆಂದು ಲೋಕೇಶಪ್ಪ ಫೋನು ಮಾಡಿ ತಿಳಿಸಿದರು. ಆ ಶನಿವಾರ ಬೇಲೂರಿನಲ್ಲಿ ಬೇರೆ ಶಾಲೆಯೊಂದಕ್ಕೆ ಅರ್ಜಿ ಕೊಡಲು ಹೊರಟವಳು ಹಳೇಬೀಡಿನಲ್ಲಿ ಇಳಿದೆ. ನಿಜ ಹೇಳುತ್ತೇನೆ, ಧನ್ಯವಾದ ಕೇಳಿಸಿಕೊಳ್ಳುವ ಆಸೆಯಿತ್ತು. ಜಯಮ್ಮನ ಅಂಗಡಿಯ ಮುಂದೆ ಪ್ರವಾಸಕ್ಕೆ ಬಂದ ಯಾವುದೋ ಊರಿನ ಶಾಲಾ ಮಕ್ಕಳು ಇಸ್ತ್ರಿ ಮಾಡಿದ ಸಮವಸ್ತ್ರದಲ್ಲಿ ಸಾಲಾಗಿ ನಿಂತು ಎಳನೀರು ಕುಡಿಯುತ್ತಿದ್ದರು. ಹತ್ತನೆಯವರಿಗೆ ಓದಿಕೊಳ್ಳಲು ರಜೆ ಬಿಟ್ಟಿದ್ದರಿಂದ ಸಿಂಚನ ಅಂಗಡಿಯ ಹಿಂದೆ ಗೋಣಿಚೀಲದ ಮೇಲೆ ಕೂತು ಓದುತ್ತಿದ್ದಳು.

ಮಕ್ಕಳು ಹೋಗುವವರೆಗೂ ಜಯಮ್ಮ ನನ್ನ ಕಡೆ ತಿರುಗಲಿಲ್ಲ. ಆಮೇಲೆ ಒಂದು ಎಳನೀರು ಕೆತ್ತಿ ಕೈಗಿಟ್ಟರು.

"ಕೆಲ್ಸ ಬಿಡ್ಸಿದ್ರಂತೆ."

"ಹೌದಮ್ಮ. ಇರಲಿ. ಸಿಂಚನಂಗೆ ಹಾಜರಿ ಸಿಕ್ತಲ್ಲ."

"ಸಿಕ್ತು. ಇಂಗೇ ಬಸ್ಸಲ್ ಬಂದ್ ಮಕ್ಳಿಗೆ ಇವ್ಳು ಎಳ್ನೀರ್ ಕೊಡ್ತಿದ್ರೆ, ಅವ್ರ್ ಮೇಷ್ಟ್ರು ಕೇಳೋರು, ಯಾಕಮ್ಮ ನೀನ್ ಸ್ಕೂಲ್ಗೋಗಲ್ವಾ ಅಂತ. ಒಂಬತ್ ಶನಿವಾರ." ಜಯಮ್ಮ ಮಚ್ಚನ್ನು ಹಲಗೆಯ ಮೇಲಿಟ್ಟರು. "ಈಗ ಬುಕ್ಕಲ್ಲಿ ಬಂದಿದ್ಲು ಅಂತ ಬರ್ದೈತೆ. ಸರಿ ಮೇಡಂ. ಆ ಒಂಬತ್ ದಿನ ಒಳಗೆ ಏನ್ ಪಾಠ ಮಾಡುದ್ರೋ, ಅದು ಇವ್ಳಿಗ್ ಹೆಂಗ್ ಬತ್ತದೆ?"

ಎಳನೀರು ಕೆಳಗಿಟ್ಟೆ. ಬೇಲೂರಿನ ಬಸ್ಸು ಹಾರನ್ ಮಾಡುತ್ತಾ ಬಂದು ನಿಂತು ಹೊರಟಿತು. ನಾನು ಅಂಗಡಿಯ ಹಿಂದಕ್ಕೆ ಹೋಗಿ, ಸಿಂಚನಳ ಪಕ್ಕದಲ್ಲಿ ಇನ್ನೊಂದು ಗೋಣಿಚೀಲ ಎಳೆದುಕೊಂಡು ಕೂತು, "ಗಣಿತದ ಪುಸ್ತಕ ಕೊಡು" ಎಂದೆ. ಕೊಟ್ಟಳು. ಮೊದಲ ಶನಿವಾರದ ಪಾಠ ವರ್ಗ ಸಮೀಕರಣ.